ಹಿರಿಯರ ತೆರಿಗೆ ಲೆಕ್ಕ: ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು?

ದುಡಿಮೆಯ ಕಾಲ ಮುಗಿದ ಮೇಲೆ ಮನುಷ್ಯನ ಹೆಗಲ ಭಾರ ಇಳಿಯಬೇಕೆಂಬುದು ಲೋಕದ ನಿರೀಕ್ಷೆ. ಆದರೆ ಇಂದಿನ ವ್ಯವಸ್ಥೆಯಲ್ಲಿ ವಯಸ್ಸು ಏರಿದಂತೆ ಕಾಗದಪತ್ರಗಳ ಭಾರವೂ ಏರುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಪಿಂಚಣಿಗೆ ಜೀವಂತ ಪ್ರಮಾಣಪತ್ರ, ಬ್ಯಾಂಕಿಗೆ ಕೆವೈಸಿ, ಪ್ಯಾನ್‌ಗೆ ಆಧಾರ್ ಜೋಡಣೆ, ಕೊನೆಗೆ ಆದಾಯ ತೆರಿಗೆಯ ರಿಟರ್ನ್ಸ್. ಮೊದಲಿನ ಕೆಲಸಗಳಿಗೆ ಹೇಗೋ ಯಾರಾದರೂ ನೆರವಾಗುತ್ತಾರೆ. ಕೊನೆಯದರ ಹೆಸರು ಕೇಳಿದೊಡನೆ ಹಿರಿಯರು ಅಂಜುತ್ತಾರೆ, ಕಿರಿಯರು ಜಾರಿಕೊಳ್ಳುತ್ತಾರೆ.

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಈ ಸಮಸ್ಯೆಗೆ ವಿಶೇಷವಾದ ಒಂದು ಮುಖವಿದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರು, ಮುಂಬಯಿಗಳಲ್ಲೋ ನೆಲೆಸಿರುವ ಮನೆಗಳು ಪ್ರತಿಯೊಂದು ವಾರ್ಡಿನಲ್ಲೂ ಇವೆ. ಹೆಂಚಿನ ಆ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು, ಹಲವೆಡೆ ಒಬ್ಬರೇ. ಅವರ ಜೀವನಾಧಾರ ಬ್ಯಾಂಕಿನ ನಿಶ್ಚಿತ ಠೇವಣಿಯ ಬಡ್ಡಿ ಮತ್ತು ಒಂದಷ್ಟು ಪಿಂಚಣಿ. ತೆರಿಗೆ ಎಂಬುದು ಶ್ರೀಮಂತರ ವಿಷಯ, ನಮಗೇಕೆ ಎಂದು ಇವರಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಅವರು ತೆರಿಗೆಯನ್ನು ಮರೆತರೂ ತೆರಿಗೆ ಅವರನ್ನು ಮರೆಯುವುದಿಲ್ಲ.

ಕಡಿತವಾಗುವ ಹಣ

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಎಪ್ಪತ್ತು ವರ್ಷದ ವಿಧವೆಯೊಬ್ಬರಿಗೆ ತಿಂಗಳಿಗೆ 15,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ ಎನ್ನೋಣ; ವರ್ಷಕ್ಕೆ 1,80,000. ಪತಿಯ ನಿವೃತ್ತಿಯ ಹಣ ಮತ್ತು ಉಳಿತಾಯ ಸೇರಿ ಒಂದೇ ಬ್ಯಾಂಕಿನಲ್ಲಿ 20 ಲಕ್ಷ ಠೇವಣಿ; ಶೇ. 7ರಂತೆ ಬಡ್ಡಿ 1,40,000. ವರ್ಷದ ಒಟ್ಟು ಆದಾಯ 3,20,000 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಹಣಕಾಸು ವರ್ಷದಿಂದ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಅಂದರೆ ಈ ತಾಯಿ ಸರ್ಕಾರಕ್ಕೆ ಕೊಡಬೇಕಾದದ್ದು ಒಂದು ರೂಪಾಯಿಯೂ ಅಲ್ಲ.

ಆದರೂ ಬ್ಯಾಂಕು ಸುಮ್ಮನಿರುವಂತಿಲ್ಲ. ಹಿರಿಯ ನಾಗರಿಕರ ಬಡ್ಡಿ ವರ್ಷಕ್ಕೆ 1 ಲಕ್ಷ ರೂಪಾಯಿ ದಾಟಿದರೆ ಮೂಲದಲ್ಲೇ ಶೇ. 10ರಷ್ಟು ತೆರಿಗೆ ಕಡಿತ ಮಾಡಬೇಕೆಂಬುದು ನಿಯಮ. 2025ರ ಏಪ್ರಿಲ್ 1ಕ್ಕೆ ಮುಂಚೆ ಈ ಮಿತಿ 50,000 ಇತ್ತು. ಹೀಗೆ ಆ ತಾಯಿಯ ಬಡ್ಡಿಯಿಂದ 14,000 ರೂಪಾಯಿ ಕಡಿತವಾಗುತ್ತದೆ. ಬ್ಯಾಂಕಿಗೆ ಪ್ಯಾನ್ ಕೊಟ್ಟಿಲ್ಲದಿದ್ದರೆ, ಅಥವಾ ಆಧಾರ್ ಜೋಡಿಸದ ಕಾರಣ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ಕಡಿತ ಶೇ. 20ಕ್ಕೆ ಏರಿ 28,000 ಆಗುತ್ತದೆ. ಔಷಧಿಯ ಅಂಗಡಿಯಲ್ಲಿ ಚೀಟಿ ಹಿಡಿದು ಯಾವ ಮಾತ್ರೆಯನ್ನು ಈ ತಿಂಗಳು ಬಿಡಬಹುದೆಂದು ಯೋಚಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಈ ಕಡಿತವನ್ನು ತಡೆಯಲು ಒಂದು ದಾರಿಯಿದೆ. ಕಡಿತವಾದದ್ದನ್ನು ಮರಳಿ ಪಡೆಯಲು ಇನ್ನೊಂದು. ತಡೆಯುವ ದಾರಿ, ತನ್ನ ಒಟ್ಟು ಆದಾಯದ ಮೇಲೆ ತೆರಿಗೆ ಬಾಕಿಯಾಗುವುದಿಲ್ಲವೆಂದು ಹಣಕಾಸು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಸಲ್ಲಿಸುವ ಘೋಷಣಾ ಪತ್ರ. ಬಹುಕಾಲದಿಂದ ಇದು ಫಾರಂ 15ಎಚ್ ಎಂದೇ ಪರಿಚಿತ. ಇದರ ಬಾಳಿಕೆ ಒಂದೇ ವರ್ಷ. ಠೇವಣಿ ಇರುವ ಪ್ರತಿಯೊಂದು ಬ್ಯಾಂಕಿಗೂ ಪ್ರತಿ ವರ್ಷವೂ ಕೊಡಬೇಕು. ಮರಳಿ ಪಡೆಯುವ ದಾರಿ ರಿಟರ್ನ್ಸ್ ಸಲ್ಲಿಕೆ. ಅದನ್ನು ಸಲ್ಲಿಸದಿದ್ದರೆ ಹಣ ತಾನಾಗಿಯೇ ಹಿಂದಿರುಗಿ ಬರುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಬೇಕು. 12 ಲಕ್ಷದವರೆಗೆ ತೆರಿಗೆ ಇಲ್ಲವೆಂದು ಪತ್ರಿಕೆಗಳಲ್ಲಿ ಓದಿದ ಹಿರಿಯರು ರಿಟರ್ನ್ಸ್ ಕೂಡ ಬೇಡವೆಂದು ಭಾವಿಸುವುದುಂಟು. ಇವೆರಡೂ ಒಂದೇ ಅಲ್ಲ. 4 ಲಕ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಲೆಕ್ಕವಾಗುತ್ತದೆ, ಆ ಬಳಿಕ ರಿಯಾಯಿತಿಯ ಮೂಲಕ ಮನ್ನಾ ಆಗುತ್ತದೆ. ಆದುದರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷ ದಾಟಿದವರು ತೆರಿಗೆ ಸೊನ್ನೆಯಾದರೂ ರಿಟರ್ನ್ಸ್ ಸಲ್ಲಿಸಲೇಬೇಕು. ಷೇರು ಮಾರಾಟದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ದಾನವೋ, ನ್ಯಾಯವೋ?

ತತ್ವಶಾಸ್ತ್ರದ ಹಳೆಯ ಪಾಠವೊಂದು ನ್ಯಾಯವನ್ನು ಅವರವರಿಗೆ ಸಲ್ಲತಕ್ಕದ್ದನ್ನು ಅವರವರಿಗೆ ಸಲ್ಲಿಸುವ ಗುಣವೆಂದು ಗುರುತಿಸುತ್ತದೆ. ದಾನವೆಂದರೆ ನಮ್ಮದನ್ನು ಕೊಡುವುದು. ನ್ಯಾಯವೆಂದರೆ ಅವರದನ್ನೇ ಅವರಿಗೆ ತಲುಪಿಸುವುದು. ಮೇಲಿನ ಉದಾಹರಣೆಯ 14,000 ರೂಪಾಯಿ ಆ ತಾಯಿಯದೇ. ಕಾನೂನು ಅದನ್ನು ಒಪ್ಪಿಕೊಂಡಿದೆ. ಆದರೆ ಪೋರ್ಟಲ್, ಪಾಸ್‌ವರ್ಡ್, ಒಟಿಪಿ ಎಂಬ ಮೂರು ಬಾಗಿಲುಗಳ ಆಚೆ ಆ ಹಣ ಕುಳಿತಿದೆ. ಬಾಗಿಲು ತೆರೆಯಲು ನೆರವಾಗುವವನು ಅವರಿಗೆ ಭಿಕ್ಷೆ ನೀಡುತ್ತಿಲ್ಲ. ಹಾಗಾಗಿ ನೆರವು ಕೇಳುವ ಹಿರಿಯರು ಸಂಕೋಚಪಡಬೇಕಾಗಿಲ್ಲ. ನೆರವು ನೀಡುವ ಕಿರಿಯರು ಹೆಮ್ಮೆಪಡಬೇಕಾಗಿಯೂ ಇಲ್ಲ.

ಅಮೆರಿಕದ ಒಂದು ನಿದರ್ಶನ

ಹಿರಿಯರಿಗೆ ಉಚಿತ ತೆರಿಗೆ ನೆರವು ಎಂಬ ಕಲ್ಪನೆ ವ್ಯವಸ್ಥಿತವಾಗಿ ಬೆಳೆದದ್ದು ಅಮೆರಿಕದಲ್ಲಿ. ನಿವೃತ್ತ ಶಿಕ್ಷಕಿ ಎಥೆಲ್ ಪರ್ಸಿ ಆಂಡ್ರಸ್ ಅವರು 1958ರಲ್ಲಿ ಸ್ಥಾಪಿಸಿದ ಎಎಆರ್‌ಪಿ ಎಂಬ ನಿವೃತ್ತರ ಸಂಸ್ಥೆಯ ಆಶ್ರಯದಲ್ಲಿ 1968ರಲ್ಲಿ ಟ್ಯಾಕ್ಸ್-ಏಡ್ ಎಂಬ ಸೇವೆ ಆರಂಭವಾಯಿತು. 1978ರಲ್ಲಿ ಅಲ್ಲಿನ ಸಂಸತ್ತು 60 ವರ್ಷ ದಾಟಿದವರಿಗೆ ಉಚಿತ ತೆರಿಗೆ ಸಲಹೆ ನೀಡುವ ಸಂಸ್ಥೆಗಳಿಗೆ ಸರ್ಕಾರದ ನೆರವು ದೊರೆಯುವಂತೆ ಕಾನೂನು ಮಾಡಿತು.

ಅದರ ಕಾರ್ಯವಿಧಾನ ಗಮನಾರ್ಹ. ಫೆಬ್ರವರಿಯಿಂದ ಏಪ್ರಿಲ್ ನಡುವಿನವರೆಗೆ ಗ್ರಂಥಾಲಯ, ಹಿರಿಯರ ಕೇಂದ್ರ, ಚರ್ಚಿನ ಸಭಾಂಗಣ ಮುಂತಾದೆಡೆ ಸ್ವಯಂಸೇವಕರು ಮೇಜು ಹಾಕಿ ಕುಳಿತುಕೊಳ್ಳುತ್ತಾರೆ. ರಿಟರ್ನ್ಸ್ ತುಂಬಿಸುವ ಸ್ವಯಂಸೇವಕರು ಪ್ರತಿ ವರ್ಷ ತೆರಿಗೆ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಒಬ್ಬರು ತುಂಬಿಸಿದ ರಿಟರ್ನ್ಸನ್ನು ಇನ್ನೊಬ್ಬರು ಪರಿಶೀಲಿಸಿದ ಬಳಿಕವೇ ಸಲ್ಲಿಕೆ. ಸಂಸ್ಥೆಯ ಸದಸ್ಯತ್ವ ಬೇಕಿಲ್ಲ, ಶುಲ್ಕವಿಲ್ಲ. ತಮ್ಮ ವ್ಯಾಪ್ತಿಗೆ ಮೀರಿದ ಜಟಿಲ ಲೆಕ್ಕಗಳನ್ನು ಅವರು ಕೈಗೆತ್ತಿಕೊಳ್ಳುವುದಿಲ್ಲ; ವೃತ್ತಿಪರರ ಬಳಿಗೆ ಕಳುಹಿಸುತ್ತಾರೆ. ಮಕ್ಕಳ ಜೊತೆ ಅಲ್ಲಿ ಕಾಯಂ ಆಗಿ ನೆಲೆಸಲು ಹೋದ ನಮ್ಮೂರ ತಂದೆತಾಯಿಗಳು ಇದನ್ನು ತಿಳಿದಿರುವುದು ಲೇಸು. ಗ್ರೀನ್ ಕಾರ್ಡ್ ಪಡೆದವರು ಊರಿನ ಠೇವಣಿಯ ಬಡ್ಡಿಯನ್ನೂ ಅಲ್ಲಿನ ರಿಟರ್ನ್ಸ್‌ನಲ್ಲಿ ತೋರಿಸಬೇಕಾಗುತ್ತದೆ.

ನಮ್ಮಲ್ಲಿ ಉಚಿತವಾಗಿ ಏನಿದೆ?

ಅಂಥ ದೇಶವ್ಯಾಪಿ ಜಾಲ ನಮ್ಮಲ್ಲಿ ಬೆಳೆದಿಲ್ಲ. ಆದರೂ ದೊರೆಯುವ ಸೌಲಭ್ಯಗಳು ಕಡಿಮೆಯಲ್ಲ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ರಿಟರ್ನ್ಸ್ ಸಲ್ಲಿಸಲು ಶುಲ್ಕವಿಲ್ಲ. ಪಿಂಚಣಿ, ಬಡ್ಡಿ, ಕಡಿತವಾದ ತೆರಿಗೆ ಮುಂತಾದ ವಿವರಗಳು ಬಹುಮಟ್ಟಿಗೆ ಮೊದಲೇ ತುಂಬಿರುತ್ತವೆ. ಪಾಸ್‌ಬುಕ್ಕಿನೊಡನೆ ತಾಳೆ ನೋಡುವುದು ನಮ್ಮ ಕೆಲಸ. ಸಂದೇಹವಿದ್ದರೆ 1800 103 0025 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಬಹುದು. ಆದಾಯ ತೆರಿಗೆ ಕಚೇರಿಗಳಲ್ಲಿರುವ ಆಯಕರ ಸೇವಾ ಕೇಂದ್ರಗಳಲ್ಲೂ ವಿಚಾರಿಸಬಹುದು.

ವಯಸ್ಸಿಗೆ ಸಂಬಂಧಿಸಿದ ಕೆಲವು ವಿನಾಯಿತಿಗಳು ಅನೇಕರಿಗೆ ತಿಳಿದಿಲ್ಲ. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ 60 ದಾಟಿದವರು ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲ. 75 ದಾಟಿದವರಿಗೆ ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ಆದಾಯವಿಲ್ಲದಿದ್ದರೆ, 2021ರಲ್ಲಿ ಬಂದ ವ್ಯವಸ್ಥೆಯಂತೆ, ಅಧಿಕೃತ ಬ್ಯಾಂಕಿಗೆ ಘೋಷಣೆ ನೀಡಿದರೆ ಸಾಕು. ಬ್ಯಾಂಕೇ ಲೆಕ್ಕ ಹಾಕಿ ತೆರಿಗೆ ಕಟ್ಟುತ್ತದೆ, ರಿಟರ್ನ್ಸ್ ಬೇಕಿಲ್ಲ. 80 ದಾಟಿದವರಿಗೆ ಪ್ಯಾನ್-ಆಧಾರ್ ಜೋಡಣೆಯ ಕಡ್ಡಾಯದಿಂದ ವಿನಾಯಿತಿಯಿದೆ.

1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಹೊಸ ಕಾಯ್ದೆ ಜಾರಿಗೆ ಬರುವ ದಿನವೆಂದು ಗೊತ್ತುಪಡಿಸಿದ್ದು 2026ರ ಏಪ್ರಿಲ್ 1. ಇದರೊಂದಿಗೆ ಕಲಮುಗಳ ಸಂಖ್ಯೆ, ನಮೂನೆಗಳ ಹೆಸರು ಬದಲಾಗುವುದರಿಂದ ಹಳೆಯ ಫಾರಂಗಳ ಕಟ್ಟನ್ನು ಬಳಸದೆ, ಆಯಾ ವರ್ಷದ ನಮೂನೆಯನ್ನು ಬ್ಯಾಂಕಿನಲ್ಲೇ ಕೇಳಿ ಪಡೆಯುವುದು ಕ್ಷೇಮ.

ಎಚ್ಚರಿಕೆಯ ಮಾತು

ಎಲ್ಲಿ ಅಜ್ಞಾನವಿದೆಯೋ ಅಲ್ಲಿ ದಲ್ಲಾಳಿಯೂ ಇರುತ್ತಾನೆ. ಹೆಚ್ಚು ಹಣ ವಾಪಸು ಕೊಡಿಸುತ್ತೇನೆ, ಅದರಲ್ಲಿ ಇಷ್ಟು ಪಾಲು ನನಗೆ ಎನ್ನುವವರಿಂದ ದೂರವಿರಬೇಕು. ಇಲ್ಲದ ವೈದ್ಯಕೀಯ ವೆಚ್ಚ, ಕೊಡದ ದೇಣಿಗೆಗಳನ್ನು ಅವರು ತೋರಿಸಿದರೂ ಉತ್ತರ ಹೇಳಬೇಕಾದವರು ಯಾರ ಹೆಸರಿನಲ್ಲಿ ರಿಟರ್ನ್ಸ್ ಇದೆಯೋ ಅವರೇ. ಹಾಗೆಯೇ ತೆರಿಗೆ ಬಾಕಿಯಾಗಿರುವಾಗ ಕಡಿತ ತಪ್ಪಿಸಲು ಸುಳ್ಳು ಘೋಷಣೆ ನೀಡುವುದು ಶಿಕ್ಷಾರ್ಹ. ಇನ್ನು, ರೀಫಂಡ್ ಬಂದಿದೆ, ಒಟಿಪಿ ಹೇಳಿ ಎಂದು ಬರುವ ಕರೆಗಳು. ಇಲಾಖೆಯು ದೂರವಾಣಿಯಲ್ಲಿ ಒಟಿಪಿಯನ್ನಾಗಲಿ ಪಾಸ್‌ವರ್ಡ್ ಅನ್ನಾಗಲಿ ಕೇಳುವುದಿಲ್ಲ.

ಧರ್ಮಕೇಂದ್ರದಲ್ಲಿ ಮೂರು ಮೇಜು

ಹಾಗಾದರೆ ನಾವು ಮಾಡಬಹುದಾದದ್ದೇನು? ಬ್ಯಾಂಕಿನಿಂದ ನಿವೃತ್ತರಾದವರು, ವಾಣಿಜ್ಯಶಾಸ್ತ್ರ ಓದುತ್ತಿರುವ ಯುವಕ ಯುವತಿಯರು, ಒಬ್ಬಿಬ್ಬರು ಲೆಕ್ಕಪರಿಶೋಧಕರು ಇಲ್ಲದ ಧರ್ಮಕೇಂದ್ರ ನಮ್ಮಲ್ಲಿ ಅಪರೂಪ. ವರ್ಷಕ್ಕೆ ಎರಡು ಬಾರಿ ಇವರು ಒಟ್ಟುಗೂಡಿದರೆ ಸಾಕು. ಏಪ್ರಿಲ್‌ನಲ್ಲಿ ಒಂದು ಭಾನುವಾರ ಬ್ಯಾಂಕಿನ ಘೋಷಣಾ ಪತ್ರಕ್ಕಾಗಿ. ಜೂನ್ ಕೊನೆಯಿಂದ ಜುಲೈ ನಡುವೆ ಎರಡು ಮೂರು ಭಾನುವಾರ ರಿಟರ್ನ್ಸ್‌ಗಾಗಿ. ಸರಳ ಆದಾಯದವರ ರಿಟರ್ನ್ಸ್‌ಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ.

ಪೂಜೆಯ ಬಳಿಕ ಸಭಾಂಗಣದಲ್ಲಿ ಮೂರು ಮೇಜುಗಳನ್ನು ಹಾಕಬಹುದು. ಮೊದಲನೆಯದರಲ್ಲಿ ಪ್ಯಾನ್, ಆಧಾರ್, ಪಾಸ್‌ಬುಕ್, ಬಡ್ಡಿಯ ಪ್ರಮಾಣಪತ್ರ, ಪಿಂಚಣಿಯ ವಿವರಗಳ ಪರಿಶೀಲನೆ. ಎರಡನೆಯದರಲ್ಲಿ ತುಂಬಿಸುವ ಕೆಲಸ. ಮೂರನೆಯದರಲ್ಲಿ ಅನುಭವಿಯೊಬ್ಬರಿಂದ ಮರುಪರಿಶೀಲನೆ. ಆಸ್ತಿ ಮಾರಾಟ, ಷೇರು, ವಿದೇಶದ ಆದಾಯ ಇದ್ದರೆ ಲೆಕ್ಕಪರಿಶೋಧಕರ ಬಳಿಗೆ ಕಳುಹಿಸಬೇಕು. ಯಾರ ದಾಖಲೆಯ ಪ್ರತಿಯನ್ನೂ ಇಟ್ಟುಕೊಳ್ಳಬಾರದು, ಪಾಸ್‌ವರ್ಡ್ ಬರೆದುಕೊಳ್ಳಬಾರದು. ಒಬ್ಬರ ಆದಾಯದ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಸಣ್ಣ ಊರಿನಲ್ಲಿ ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಆ ಮೇಜಿನ ಮೇಲೆ ಕಾಣಿಕೆಯ ಡಬ್ಬಿಯೂ ಇರಕೂಡದು.

ದೂರದಲ್ಲಿರುವ ಮಕ್ಕಳಿಗೂ ಒಂದು ಪಾತ್ರವಿದೆ. ತಂದೆತಾಯಿಯ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮಗನ ಹೆಸರಿನಲ್ಲಿ ದುಬೈಯಲ್ಲೋ ಕುವೈತ್‌ನಲ್ಲೋ ಇದ್ದರೆ, ಊರಿನಲ್ಲಿ ಯಾರು ಎಷ್ಟು ಶ್ರಮಪಟ್ಟರೂ ಒಟಿಪಿ ಬಾರದೆ ಕೆಲಸ ನಿಲ್ಲುತ್ತದೆ. ರಜೆಯಲ್ಲಿ ಬಂದಾಗ ಆ ಸಂಖ್ಯೆಯನ್ನು ಬದಲಿಸಿಕೊಡುವುದು ತಂದ ಉಡುಗೊರೆಗಳಿಗಿಂತ ಹೆಚ್ಚಿನ ಉಪಕಾರವಾದೀತು. ರಿಟರ್ನ್ಸ್ ಸಲ್ಲಿಸಿದ 30 ದಿನಗಳೊಳಗೆ ಅದನ್ನು ದೃಢೀಕರಿಸದಿದ್ದರೆ ಅಷ್ಟು ದಿನಗಳ ಶ್ರಮ ಬೆಲೆ ಕಳೆದುಕೊಳ್ಳುತ್ತದೆ. ಒಟಿಪಿಯ ಮೂಲಕ ಆಗದಿದ್ದರೆ ಸಹಿ ಹಾಕಿದ ಸ್ವೀಕೃತಿ ಪತ್ರವನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವ ಅವಕಾಶವಿದೆ.

ನಮ್ಮ ಸಂಘಗಳು ರೋಗಿಗಳ ಭೇಟಿಗೆ ಹೋಗುತ್ತವೆ, ಹಬ್ಬಕ್ಕೆ ಅಕ್ಕಿ ಹಂಚುತ್ತವೆ. ಅದು ಮುಂದುವರಿಯಲಿ. ಅದರ ಜೊತೆ ವಾರ್ಡಿನ ಗುರ್ಕಾರರು ಮುಂದಿನ ಭೇಟಿಯಲ್ಲಿ ಹಿರಿಯರನ್ನು ಎರಡು ಪ್ರಶ್ನೆ ಕೇಳಲಿ: ನಿಮ್ಮ ಬಡ್ಡಿಯಲ್ಲಿ ಬ್ಯಾಂಕು ತೆರಿಗೆ ಕಡಿತ ಮಾಡಿದೆಯೇ? ಅದನ್ನು ಮರಳಿ ಪಡೆಯಲು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರಾದರೂ ಇದ್ದಾರೆಯೇ? ಎರಡನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದ ಮನೆಗಳ ಪಟ್ಟಿಯಿಂದಲೇ ಈ ಕೆಲಸವನ್ನು ಆರಂಭಿಸಬಹುದು.