ಸಹಿ ಇಲ್ಲದ ಕಾಗದ

ಹೋದ ತಿಂಗಳು ಒಂದು ದಿನ ನನ್ನ ಮೊಮ್ಮಗಳು ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಹಿಡಿದು ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. ಅವಳ ಶಾಲೆಯಲ್ಲಿ ಒಂದು ದೂರು ಪೆಟ್ಟಿಗೆ ಇಟ್ಟಿದ್ದಾರೆ. ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗನೊಬ್ಬ ಪುಟ್ಟ ಹುಡುಗನ ತಿಂಡಿ ಡಬ್ಬಿಯನ್ನು ದಿನಾ ಕಿತ್ತುಕೊಳ್ಳುತ್ತಾನಂತೆ. ಅತ್ತರೆ ತಲೆಗೆ ಮೊಟಕುತ್ತಾನಂತೆ. ಅದನ್ನೇ ಅಚ್ಚುಕಟ್ಟಾಗಿ ಬರೆದಿದ್ದಳು. ಕೊನೆಯಲ್ಲಿ ಮಾತ್ರ ಜಾಗ ಖಾಲಿ ಬಿಟ್ಟಿದ್ದಳು.

“ತಾತ, ನನ್ನ ಹೆಸರು ಬರೀಲಾ, ಬೇಡ್ವಾ? ಬರೆದ್ರೆ ಅವನು ನನಗೂ ಹೊಡೀತಾನೆ. ಬರೀದಿದ್ರೆ ಮಿಸ್ ನಂಬಲ್ಲ.”

ಎಪ್ಪತ್ತು ದಾಟಿದ ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. “ಸಂಜೆ ಹೇಳ್ತೀನಿ ಪುಟ್ಟಿ” ಎಂದೆ. ಅವಳು ಆಡಲು ಹೋದಳು. ನನಗೆ ಮಾತ್ರ ಬೇರೊಂದು ಕಾಗದ ನೆನಪಾಗಿ ಕಾಫಿ ಕುಡಿಯಲೂ ಮನಸ್ಸಾಗಲಿಲ್ಲ.

ಬರೆದವರ ಹೆಸರು, ಸಹಿ ಇಲ್ಲದ ದೂರಿಗೆ ನಮ್ಮ ಕಚೇರಿಗಳಲ್ಲಿ ‘ಮೂಗರ್ಜಿ’ ಎನ್ನುತ್ತಾರೆ. ತಾನು ಹೇಳುವುದನ್ನೆಲ್ಲ ಹೇಳಿ, ನಾವು ತಿರುಗಿ ಒಂದು ಪ್ರಶ್ನೆ ಕೇಳಿದರೆ ಬಾಯಿ ಬಿಡದ ಅರ್ಜಿ ಅದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ, ಒಂದು ಸಣ್ಣ ಊರಿನ ಶಾಖೆಯಲ್ಲಿದ್ದಾಗ, ಮೇಲಿನ ಕಚೇರಿಗೆ ಇಂಥದೊಂದು ಮೂಗರ್ಜಿ ಹೋಯಿತು. ನಮ್ಮ ಜೊತೆಯ ಒಬ್ಬರು ಸಾಲದ ಅರ್ಜಿ ಮುಂದೆ ಸಾಗಿಸಲು ರೈತರಿಂದ ಹಣ ತಿನ್ನುತ್ತಾರೆ ಎಂದು ಅದರಲ್ಲಿತ್ತು. ಐದು ತಿಂಗಳು ವಿಚಾರಣೆ ನಡೆಯಿತು. ಏನೂ ಸಿಗಲಿಲ್ಲ. ಸಿಗಲು ಏನೂ ಇರಲೂ ಇಲ್ಲ. ಆದರೆ ಅಷ್ಟರಲ್ಲಿ ಅವರ ಕೌಂಟರಿನ ಮುಂದೆ ನಿಲ್ಲುತ್ತಿದ್ದ ಜನ ಪಕ್ಕದ ಕೌಂಟರಿಗೆ ಸರಿದಿದ್ದರು. ಊಟದ ಹೊತ್ತಿಗೆ ನಗಿಸುತ್ತಿದ್ದ ಮನುಷ್ಯ ಡಬ್ಬಿ ತೆಗೆದುಕೊಂಡು ಒಬ್ಬರೇ ಹಿಂದಿನ ಕೋಣೆಗೆ ಹೋಗತೊಡಗಿದರು.

ಅವರಿಗೆ ಆದ ಅನ್ಯಾಯ ಸುಳ್ಳಿನಿಂದ ಮಾತ್ರ ಅಲ್ಲ. ಎದುರಾಳಿ ಯಾರೆಂದು ಗೊತ್ತಿಲ್ಲದ್ದರಿಂದ ಅವರು ಎಲ್ಲರನ್ನೂ ಅನುಮಾನಿಸಬೇಕಾಯಿತು. ಹೆಸರಿಲ್ಲದ ಕಲ್ಲು ಯಾವ ದಿಕ್ಕಿನಿಂದ ಬಂತೆಂದು ತಿಳಿಯದೆ ಮನುಷ್ಯ ಸುತ್ತಲೂ ಗೋಡೆ ಕಟ್ಟಿಕೊಳ್ಳುತ್ತಾನೆ. 1999ರಲ್ಲಿ ಕೇಂದ್ರ ಜಾಗೃತ ಆಯೋಗವು ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಕೈಗೊಳ್ಳಬಾರದೆಂದು ಸರ್ಕಾರಿ ಇಲಾಖೆಗಳಿಗೂ ಬ್ಯಾಂಕುಗಳಿಗೂ ಸುತ್ತೋಲೆ ಕಳಿಸಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ಹಾಗಾದರೆ ಹೆಸರು ಮುಚ್ಚಿಡುವುದೇ ತಪ್ಪೇ? ಅಲ್ಲ. ನಮ್ಮಲ್ಲಿ ಎಷ್ಟೋ ಅಜ್ಜ ಅಜ್ಜಿಯರು ಶಾಲೆಯಲ್ಲಿ ಮುದ್ದಣ ಮನೋರಮೆಯರ ಸಲ್ಲಾಪ ಓದಿದವರು. ಆ ಮುದ್ದಣನ ನಿಜವಾದ ಹೆಸರು ನಂದಳಿಕೆಯ ಲಕ್ಷ್ಮೀನಾರಣಪ್ಪ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರು. ತಾವು ಬರೆದ ಕಾವ್ಯವನ್ನು ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸುತ್ತಿದ್ದರು. ವಿದ್ವಾಂಸರು ಮೆಚ್ಚಿದ್ದು ಪುಸ್ತಕವನ್ನು, ಡ್ರಿಲ್ ಮೇಷ್ಟರನ್ನಲ್ಲ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗಿನ್ನೂ 31 ವರ್ಷ. ಬರೆದವರು ಅವರೇ ಎಂದು ನಾಡಿಗೆಲ್ಲ ತಿಳಿದದ್ದು ಆಮೇಲೆ. ಅವರು ಹೆಸರು ಮುಚ್ಚಿಟ್ಟದ್ದರಿಂದ ಯಾರಿಗೂ ಒಂದು ಗೀರು ಗಾಯ ಆಗಲಿಲ್ಲ. ಹೊಗಳಿಕೆ ಕೇಳುವ ಭಾಗ್ಯ ತಪ್ಪಿದ್ದು ಅವರಿಗೆ ಮಾತ್ರ.

ಅದು ಕಾವ್ಯದ ಮಾತು. ಸತ್ಯ ಹೇಳಹೊರಟವರಿಗೆ ಹೆಸರು ಅಪಾಯ ತರುವುದೂ ಉಂಟು. ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರ್ ಕಾನ್ಪುರದ ಐಐಟಿಯಲ್ಲಿ ಓದಿ ರಾಷ್ಟ್ರೀಯ ಹೆದ್ದಾರಿ ಕಾಮಗಾರಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿಗೇ ಪತ್ರ ಬರೆದರು. ಹೆಸರನ್ನು ಬರೆದು, ಅದನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡರು. ಗುಟ್ಟು ಉಳಿಯಲಿಲ್ಲ. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಕೊಂದವರು ದರೋಡೆಗೆ ಬಂದವರೆಂದು ತನಿಖೆ ಹೇಳಿತು. ಆದರೂ ಗುಟ್ಟಾಗಿಡಿ ಎಂದು ನಂಬಿ ಕೊಟ್ಟ ಹೆಸರು ಬಯಲಾದದ್ದು ದೇಶವನ್ನು ಬಹಳ ಕಾಡಿತು.

ಮಕ್ಕಳೇ, ಇಲ್ಲಿಗೆ ಬಂದು ನಾನೂ ನಿಂತುಬಿಟ್ಟೆ. ಹೆಸರು ಹಾಕದಿದ್ದರೆ ಇನ್ನೊಬ್ಬರಿಗೆ ಅನ್ಯಾಯ ಆಗಬಹುದು, ಹಾಕಿದರೆ ನಮಗೇ ಅಪಾಯ. ಮೂರನೆಯ ದಾರಿ ಇಲ್ಲವೇ? ಇದೆ. ಅದು ನಮ್ಮ ಕಣ್ಣ ಮುಂದೆಯೇ ಇದೆ.

ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯನ್ನು ನೆನೆಸಿಕೊಳ್ಳಿ. ಅದರ ಮೇಲೆ ಹೆಸರು ಬರೆಯುವಂತಿಲ್ಲ, ನೋಂದಣಿ ಸಂಖ್ಯೆ ಮಾತ್ರ. ಅಂಕ ಹಾಕುವ ಮೇಷ್ಟರಿಗೆ ನೀವು ಯಾರ ಮಗಳು, ಯಾವ ಊರಿನ ಹುಡುಗ ಎಂಬುದು ತಿಳಿಯಬಾರದು. ಆದರೆ ಆ ಸಂಖ್ಯೆ ಯಾರದೆಂದು ಮಂಡಳಿಗೆ ಗೊತ್ತು. ಇಲ್ಲದಿದ್ದರೆ ನಿಮ್ಮ ಅಂಕ ನಿಮಗೆ ಸಿಗುವುದು ಹೇಗೆ?

ಮತದಾನವೂ ಹಾಗೆಯೇ. ಮತಗಟ್ಟೆಯಲ್ಲಿ ನಮ್ಮ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ, ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಸಹಿ ಮಾಡಿಸುತ್ತಾರೆ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಅಷ್ಟೆಲ್ಲ ಆದ ಮೇಲೆ ಮರೆಯ ಹಿಂದೆ ನಾವು ಒಬ್ಬರೇ. ಬಂದವರು ಯಾರೆಂಬುದು ಬಹಿರಂಗ, ಒತ್ತಿದ ಗುಂಡಿ ಗುಟ್ಟು. ಆ ಗುಟ್ಟನ್ನು ಬಿಟ್ಟುಕೊಡುವ ಚುನಾವಣಾ ಸಿಬ್ಬಂದಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಶಿಕ್ಷೆಯಿದೆ.

ದುಬೆಯವರ ಸಾವಿನ ನಂತರ ಕೇಂದ್ರ ಸರ್ಕಾರ 2004ರಲ್ಲಿ ಮಾಡಿದ ಏರ್ಪಾಟೂ ಇದೇ ಜಾತಿಯದು. ಕೇಂದ್ರ ಸರ್ಕಾರಿ ಕಚೇರಿಗಳ ಭ್ರಷ್ಟಾಚಾರದ ಬಗ್ಗೆ ಜಾಗೃತ ಆಯೋಗಕ್ಕೆ ಗುಟ್ಟಾಗಿ ದೂರು ಕೊಡುವವರು ಲಕೋಟೆಯ ಮೇಲೆ ತಮ್ಮ ಹೆಸರು ಬರೆಯಬಾರದು. ಒಳಗಿನ ಪತ್ರದಲ್ಲಿ ಬರೆಯಲೇಬೇಕು. ಹೆಸರಿಲ್ಲದ ಪತ್ರವನ್ನು ಆಯೋಗ ತೆಗೆದುಕೊಳ್ಳುವುದಿಲ್ಲ. ಹೆಸರಿರುವ ಪತ್ರದ ಹೆಸರನ್ನು ಹೊರಗೆ ಬಿಡುವಂತಿಲ್ಲ. ಕೇಡು ಬಗೆದು ಸುಳ್ಳು ಬರೆದಿದ್ದರೆ ಬರೆದವರ ಮೇಲೂ ಕ್ರಮ ಉಂಟು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಗುರುತನ್ನೂ ಹೀಗೆಯೇ ಗುಟ್ಟಾಗಿಡುತ್ತಾರೆ.

ಅಂದರೆ ಹೆಸರು ಊರಿಗೆಲ್ಲ ಗೊತ್ತಾಗಬೇಕಿಲ್ಲ. ಯಾರಿಗೂ ಗೊತ್ತಿಲ್ಲದೆಯೂ ಇರಬಾರದು. ನಂಬಿಕಸ್ಥರಾದ ಒಬ್ಬರಿಗೆ ಗೊತ್ತಿರಬೇಕು. ಬ್ಯಾಂಕಿನ ಲಾಕರಿನಂತೆ. ಒಳಗೇನಿದೆ ಎಂದು ಬ್ಯಾಂಕು ಕೇಳುವುದಿಲ್ಲ, ಆದರೆ ಲಾಕರು ಯಾರದೆಂದು ಪುಸ್ತಕದಲ್ಲಿ ಬರೆದಿರುತ್ತದೆ.

ಸಂಜೆ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, “ಆ ಪೆಟ್ಟಿಗೆ ಬೀಗ ತೆಗೆಯೋದು ಮಿಸ್ ಅಲ್ಲ ತಾತ, ಆಫೀಸಿನವರು” ಎಂದಳು. ಮಕ್ಕಳಿಗೆ ತಿಳಿಯುವುದು ನಮಗೆ ತಿಳಿಯುವುದಿಲ್ಲ ನೋಡಿ! ಹಾಗಾಗಿ ಕಾಗದವನ್ನು ಪೆಟ್ಟಿಗೆಗೆ ಹಾಕಲಿಲ್ಲ. ಯಾವ ಯಾವ ದಿನ ಏನೇನಾಯಿತು, ತಾನು ಎಲ್ಲಿ ಕೂತು ನೋಡಿದೆ ಎಂದು ಬರೆದು, ಕೆಳಗೆ ಹೆಸರು, ತರಗತಿ ಹಾಕಿದಳು. ಅಂಟಿಸಿದ ಲಕೋಟೆಯನ್ನು ಅವಳ ಅಮ್ಮ ಮುಖ್ಯೋಪಾಧ್ಯಾಯಿನಿಯ ಕೈಗೇ ಕೊಟ್ಟು ಬಂದಳು. ಮುಂದಿನ ವಾರದಿಂದ ವ್ಯಾನಿನ ಹಿಂದಿನ ಸೀಟಿನಲ್ಲಿ ಆಯಾ ಒಬ್ಬರು ಕೂರುತ್ತಿದ್ದಾರೆ. ಆ ದೊಡ್ಡ ಹುಡುಗನ ತಂದೆ ತಾಯಿಯನ್ನು ಕರೆಸಿ ಮಾತಾಡಿದರಂತೆ. ಬರೆದವರು ಯಾರೆಂದು ಅವನಿಗೂ ಗೊತ್ತಿಲ್ಲ, ಪುಟ್ಟ ಹುಡುಗನಿಗೂ ಗೊತ್ತಿಲ್ಲ. ಈ ಲೇಖನವನ್ನೂ ಮೊಮ್ಮಗಳಿಗೆ ಓದಿ ಹೇಳಿ, ಗುರುತು ಸಿಗುವಂಥ ವಿವರಗಳನ್ನು ಅವಳೇ ಬದಲಿಸಿದ ಮೇಲೆ ಕಳಿಸುತ್ತಿದ್ದೇನೆ.

ಓದುವಾಗ ಬ್ಯಾಂಕಿನ ಕಥೆ ಬಂತು. “ಆ ಕಾಗದ ಬರೆದೋರು ಯಾರು ಅಂತ ಕೊನೆಗೂ ಗೊತ್ತಾಗ್ಲಿಲ್ವಾ ತಾತ?” ಎಂದಳು.

ಗೊತ್ತಾಗಿತ್ತು. ವಿಚಾರಣೆಗೆ ಬಂದ ಅಧಿಕಾರಿ ಆ ಕಾಗದವನ್ನು ನಮಗೆಲ್ಲ ತೋರಿಸಿ, ಈ ಅಕ್ಷರ ಯಾರದೆಂದು ಗೊತ್ತೇ ಎಂದು ಕೇಳಿದ್ದರು. ದಿನವಿಡೀ ಚೆಕ್ಕಿನ ಸಹಿಗಳನ್ನು ತಾಳೆ ನೋಡುವ ಕಣ್ಣು ನನ್ನದು. ಎರಡು ಮೇಜು ಆಚೆ ಕೂರುತ್ತಿದ್ದವನ ಅಕ್ಷರ ಅದು ಎಂದು ನೋಡಿದೊಡನೆ ತಿಳಿಯಿತು. “ಗೊತ್ತಿಲ್ಲ ಸಾರ್” ಎಂದೆ. ನಾಳೆ ನನ್ನ ಮೇಲೂ ಒಂದು ಕಾಗದ ಹೋದರೆ ಎಂಬ ಭಯ. ಎಲ್ಲರೆದುರು ಹೇಳಬೇಕಿರಲಿಲ್ಲ. ಅಧಿಕಾರಿಯ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು, ಒಬ್ಬನೇ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಆ ಸಹೋದ್ಯೋಗಿ ಈಗ ಇಲ್ಲ.

ಇದನ್ನೂ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ, “ಇದನ್ನೂ ಬರೀರಿ ತಾತ, ನಿಮ್ಮ ಹೆಸರು ಹಾಕಿ” ಎಂದಳು.

ಬರೆದಿದ್ದೇನೆ.