ಅಡುಗೆಮನೆಯ ಮೂಲೆಗೆ ಬೇಕು ಎರಡಿಂಚಿನ ಕಂಬ

ಹೆಮ್ಮಾಡಿ: ಕುಂದಾಪುರದಿಂದ ಬೈಂದೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೊಲ್ಲೂರು ರಸ್ತೆ ಕವಲೊಡೆಯುವ ಊರು ಹೆಮ್ಮಾಡಿ. ಸೇವಂತಿಗೆಗೆ ಹೆಸರಾದ ಈ ಊರಿನ ಆಸುಪಾಸಿನಲ್ಲಿಯೂ, ಕರಾವಳಿಯ ಉಳಿದೆಡೆಯಂತೆ, ಹಳೆಯ ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಹಳೆ ಮನೆಯನ್ನು ಉಳಿಸಿಕೊಂಡು ಅಡುಗೆಮನೆಯನ್ನಷ್ಟೇ ಹೊಸದಾಗಿಸುವವರೂ ಇದ್ದಾರೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವವರು ಊರಿನ ಮನೆಗೊಂದು ಮಾಡ್ಯುಲರ್ ಅಡುಗೆಮನೆ ಇರಲೆಂದು ಲಕ್ಷಗಳ ಲೆಕ್ಕದಲ್ಲಿ ಹಣ ತೆಗೆದಿಡುತ್ತಾರೆ. ಬಾಗಿಲಿನ ಬಣ್ಣ, ಗ್ರಾನೈಟ್, ಚಿಮಣಿ ಎಲ್ಲದರ ಕುರಿತೂ ಚರ್ಚೆಯಾಗುತ್ತದೆ. ಮೂಲೆಯಲ್ಲಿ ನಿಲ್ಲಬೇಕಾದ ಎರಡಿಂಚಿನ ಪಟ್ಟಿಯ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಕೆಲಸ ಮುಗಿದು ಪಾತ್ರೆ ಜೋಡಿಸುವ ದಿನ ಮೂಲೆಯ ಡ್ರಾಯರ್ ಅರ್ಧಕ್ಕೇ ನಿಂತಾಗ ಅದರ ಕೊರತೆ ಅರಿವಾಗುತ್ತದೆ.

ಕಾರ್ನರ್ ಪೋಸ್ಟ್, ಅಂದರೆ ಮೂಲೆಗಂಬ, ಹೆಸರಿಗಷ್ಟೇ ಕಂಬ. ಅದು ಭಾರ ಹೊರುವುದಿಲ್ಲ. ಎರಡು ಗೋಡೆಗಳ ಉದ್ದಕ್ಕೂ ಬರುವ ಕಪಾಟುಗಳ ಸಾಲುಗಳು ಒಳಮೂಲೆಯಲ್ಲಿ ಕೂಡುವಲ್ಲಿ, ಎರಡೂ ಸಾಲಿನ ಬಾಗಿಲುಗಳನ್ನು ಮೂಲೆಯಿಂದ ದೂರ ಸರಿಸುವ ಲಂಬಕೋನದ ಪಟ್ಟಿ ಅದು. ಅನೇಕ ಬಡಗಿಗಳು ಫಿಲ್ಲರ್ ಎಂದೇ ಕರೆಯುತ್ತಾರೆ. ಖಾಲಿ ಜಾಗ ಮುಚ್ಚುವ ತುಂಡು ಎಂಬ ಭಾವನೆ ಈ ಹೆಸರಿನಿಂದ ಬಂದಿರಬಹುದು. ಆದರೆ ಅದರ ನಿಜವಾದ ಕೆಲಸ ಜಾಗ ಬಿಡಿಸುವುದು.

ಒಂದು ಸಾಲಿನ ಡ್ರಾಯರನ್ನು ಎಳೆದಾಗ ಅದು ಇನ್ನೊಂದು ಸಾಲಿನ ಬಾಗಿಲುಗಳ ಮುಂದೆಯೇ ಹಾದುಬರುತ್ತದೆ. ಆ ಬಾಗಿಲಿಗೆ ಹಿಡಿ ಇರುತ್ತದೆ. ಹಿಡಿ ಬಾಗಿಲಿನಿಂದ 35 ಮಿಲಿಮೀಟರ್ ಮುಂದೆ ಚಾಚಿದ್ದರೆ, ಡ್ರಾಯರಿನ ಅಂಚು ಅದಕ್ಕಿಂತ ಕನಿಷ್ಠ 10 ಮಿಲಿಮೀಟರಾದರೂ ಆಚೆಗಿರಬೇಕು. ಹೀಗಾಗಿ ಕಂಬದ ಕಣ್ಣಿಗೆ ಕಾಣುವ ಮುಖ ಒಂದೊಂದು ಬದಿಗೂ 45ರಿಂದ 50 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಎರಡಿಂಚು ಇರಬೇಕಾಗುತ್ತದೆ. ಕಪಾಟಿನ ಪೆಟ್ಟಿಗೆಯಿಂದ ಅಳೆಯುವುದಾದರೆ ಬಾಗಿಲಿನ ದಪ್ಪ 18 ಮಿಲಿಮೀಟರನ್ನೂ ಸೇರಿಸಬೇಕು. ಮರೆತುಹೋಗುವುದು ಹೆಚ್ಚಾಗಿ ಇದೇ. ಮೂಲೆಯ ಪಕ್ಕದಲ್ಲಿ ಓವನ್ ಅಥವಾ ಪಾತ್ರೆ ತೊಳೆಯುವ ಯಂತ್ರ ಕೂರಿಸುವವರು ಅದರ ಹಿಡಿಯನ್ನೇ ಅಳೆಯುವುದು ಲೇಸು. ಅವು ಸಾಮಾನ್ಯ ಹಿಡಿಗಳಿಗಿಂತ ಮುಂದಕ್ಕೆ ಚಾಚಿರುವುದುಂಟು. ಹಿಡಿಯಿಲ್ಲದ ಬಾಗಿಲುಗಳಾದರೆ ಕಂಬ ಕಿರಿದಾದರೂ ಸಾಕು, ಆದರೆ ಬೇಡವೇ ಬೇಡ ಎನ್ನುವಂತಿಲ್ಲ.

ಬೇರೆ ಊರಿನ ಕಾರ್ಖಾನೆಯಲ್ಲಿ ತಯಾರಾದ ಕಪಾಟುಗಳು ಮಿಲಿಮೀಟರಿನ ಲೆಕ್ಕದಲ್ಲಿ ನೇರವಾಗಿರುತ್ತವೆ. ಅವು ಬಂದು ನಿಲ್ಲುವ ಗೋಡೆ ಹಾಗಿರುವುದಿಲ್ಲ. ಕೆಂಪು ಮುರಕಲ್ಲಿನ ಹಳೆ ಗೋಡೆಗಳ ಗಾರೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು. ಮೀಟರಿಗೆ ಒಂದು ಸೆಂಟಿಮೀಟರ್ ಓರೆಯಿದ್ದರೂ ಎರಡೂವರೆ ಮೀಟರ್ ಉದ್ದದ ಸಾಲಿನ ಕೊನೆಗೆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ಅದನ್ನು ಮೊದಲೇ ತಿಳಿಯಲು ಯಂತ್ರ ಬೇಕಿಲ್ಲ. ಮೂಲೆಯಿಂದ ಒಂದು ಗೋಡೆಯ ಮೇಲೆ 90 ಸೆಂಟಿಮೀಟರಿಗೆ, ಇನ್ನೊಂದರ ಮೇಲೆ 120ಕ್ಕೆ ಗುರುತು ಹಾಕಿ ಎರಡರ ನಡುವೆ ಟೇಪು ಹಿಡಿದರೆ ಸರಿಯಾಗಿ 150 ಬರಬೇಕು. ಹೆಚ್ಚು ಬಂದರೆ ಮೂಲೆ ಅಗಲಿಸಿದೆ, ಕಡಿಮೆಯಾದರೆ ಮುಚ್ಚಿಕೊಂಡಿದೆ. ಕಪಾಟಿಗೆ ಮುಂಗಡ ಕೊಡುವ ಮೊದಲೇ ಈ ಅಳತೆ ಆಗಬೇಕು. ಅಳೆಯುವುದು ಗಾರೆ, ಟೈಲ್ಸ್ ಕೆಲಸ ಮುಗಿದ ಮೇಲೆ. ಅದಕ್ಕೂ ಮೊದಲು ಅಳೆದರೆ ಟೈಲ್ಸಿನ ದಪ್ಪ ಲೆಕ್ಕ ಕೆಡಿಸುತ್ತದೆ.

ಮಳೆಗಾಲದ ಪರೀಕ್ಷೆ

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮನೆಯವರು ಪರವೂರಿನಲ್ಲಿದ್ದರೆ ಈ ತಿಂಗಳುಗಳಲ್ಲಿ ಅಡುಗೆಮನೆಯ ಕಿಟಕಿ ತೆರೆಯುವವರೇ ಇರುವುದಿಲ್ಲ. ತೇವ ಹೀರಿದ ಪಾರ್ಟಿಕಲ್ ಬೋರ್ಡ್ ಉಬ್ಬುತ್ತದೆ, ಮತ್ತೆ ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಮೂಲೆಗಂಬಕ್ಕೆ ಉಳಿದ ಹಲಗೆಯ ಚೂರುಗಳನ್ನೇ ಬಳಸುವ ರೂಢಿ ಇರುವಲ್ಲಿ ಈ ತೊಂದರೆ ಹೆಚ್ಚು. ಗರಗಸ ಹಾಕಿದ ಅಂಚು ಬರಿದಾಗಿ ಉಳಿದು ನೀರು ಅಲ್ಲಿಂದಲೇ ನುಗ್ಗುತ್ತದೆ. ಕಂಬವಾದರೂ ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್‌ನದಾಗಿರಲಿ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಮಾನಕ. ಎರಡರ ಬೆಲೆಯಲ್ಲಿ ಅಂತರವಿದೆ, ಆದರೆ ಒಂದು ಕಂಬಕ್ಕೆ ಬೇಕಾಗುವುದು ಅಂಗೈ ಅಗಲದ ತುಂಡು. ಕತ್ತರಿಸಿದ ಎಲ್ಲ ಅಂಚುಗಳಿಗೂ, ಕಾಣದ ಕೆಳಅಂಚಿಗೂ, ಪಟ್ಟಿ ಅಂಟಿಸಬೇಕು. ಕಂಬ ನೆಲಕ್ಕೆ ತಾಗಬಾರದು. ನೆಲ ಒರೆಸುವ ನೀರು ನಿತ್ಯ ತಾಗಿದರೆ ಯಾವ ಹಲಗೆಯೂ ಬಹುಕಾಲ ಬಾಳದು.

ಜೋಡಣೆಯನ್ನು ಮೂಲೆಯಿಂದಲೇ ಆರಂಭಿಸಬೇಕು. ಎರಡು ಕಡೆಯ ಕೊನೆಗಳಿಂದ ಬಂದು ಮೂಲೆಯಲ್ಲಿ ಸೇರಿಸಲು ಹೊರಟರೆ ಎಲ್ಲ ತಪ್ಪುಗಳೂ ಅಲ್ಲಿಯೇ ಗುಡ್ಡೆ ಬೀಳುತ್ತವೆ. ನೆಲದ ಅತಿ ಎತ್ತರದ ಜಾಗ ಹುಡುಕಿ, ಅಲ್ಲಿಂದ ಮಟ್ಟ ಹಿಡಿದು ಮೂಲೆಯ ಎರಡು ಪೆಟ್ಟಿಗೆಗಳನ್ನು ನಿಲ್ಲಿಸಿ, ಕಂಬವನ್ನು ಪೆಟ್ಟಿಗೆಯ ಒಳಗಿನಿಂದ ಸ್ಕ್ರೂ ಹಾಕಿ ಬಿಗಿಯಬೇಕು. ಕಂಬದ ಮುಖ ಬಾಗಿಲಿನ ಮುಖಕ್ಕೆ ಸಮನಾಗಿರಬೇಕು, ನಡುವೆ ಮೂರು ಮಿಲಿಮೀಟರ್ ಸಂದು ಸಾಕು. ಗೋಡೆ ಓರೆಯಿದ್ದರೆ ಆ ಓರೆಯನ್ನು ಪೆಟ್ಟಿಗೆಯ ಹಿಂಬದಿಗೆ ತಳ್ಳಬೇಕೇ ಹೊರತು ಕಂಬವನ್ನು ತಿರುಚಬಾರದು. ಹಿಂದಿನ ಬಿರುಕನ್ನು ಕಲ್ಲು ಮತ್ತು ಟೈಲ್ಸ್ ಮುಚ್ಚುತ್ತವೆ.

ಇಟ್ಟಿಗೆ ಕಟ್ಟೆಯ ಮೇಲೆ ಗ್ರಾನೈಟ್ ಹಾಸಿ, ಬಳಿಕ ಬಾಗಿಲು ಕೂರಿಸುವ ಪದ್ಧತಿಯೇ ನಮ್ಮಲ್ಲಿ ಹೆಚ್ಚು. ಅಲ್ಲಿಯೂ ಲೆಕ್ಕ ಇದೇ. ಆದರೆ ಕಲ್ಲು ಕೂತ ಮೇಲೆ ತಿದ್ದಲು ಅವಕಾಶ ಕಡಿಮೆ, ಆದ್ದರಿಂದ ಬಾಗಿಲಿನ ಚೌಕಟ್ಟಿನ ಸ್ಥಾನವನ್ನು ಕಟ್ಟೆ ಕಟ್ಟುವಾಗಲೇ ಗೋಡೆಯ ಮೇಲೆ ಬರೆದಿಡಬೇಕು.

ಕಂಬ ನಿಂತರೆ ಮೂಲೆಯ ಕಪಾಟಿನ ಬಾಯಿ ಕಿರಿದಾಗುವುದು ನಿಜ. ಆ ಕಾರಣಕ್ಕೆ ಅದನ್ನು ತೆಗೆಸುವವರಿದ್ದಾರೆ, ಅದರಿಂದ ಸಿಗುವ ಎರಡಿಂಚು ಒಂದು ಡ್ರಾಯರಿನ ಬೆಲೆಗೆ ಸಮನಲ್ಲ. 14.2 ಕಿಲೋ ಗ್ಯಾಸ್ ಸಿಲಿಂಡರಿನ ಅಗಲ 30 ಸೆಂಟಿಮೀಟರಿಗಿಂತ ಹೆಚ್ಚು. ಅದನ್ನು ಮೂಲೆಯ ಕಿರಿದಾದ ಬಾಯಿಂದ ತೂರಿಸುವ ಯೋಜನೆ ಇದ್ದರೆ ಕೈಬಿಡುವುದೇ ಒಳಿತು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಗಾಳಿಯಾಡದ ಮೂಲೆಯ ತಳದಲ್ಲಿಯೇ ನಿಲ್ಲುತ್ತದೆ.

ಕೊನೆಯ ಕಂತು ಪಾವತಿಸುವ ಮೊದಲು ಹಿಡಿಗಳೆಲ್ಲವನ್ನೂ ಹಾಕಿಸಿ, ಮೂಲೆಯ ಎರಡೂ ಬದಿಯ ಬಾಗಿಲು, ಡ್ರಾಯರುಗಳನ್ನು ಪೂರ್ತಿ ತೆರೆದು ನೋಡಬೇಕು. ಹಿಡಿ ಹಾಕದೆ ತೋರಿಸಿದ ಮೂಲೆಯಲ್ಲಿ ಯಾವ ಡ್ರಾಯರೂ ತಾಗುವುದಿಲ್ಲ.