ಸಿಮೆಂಟ್ ನಾಡಿನ ಕಾರಿಗೆ ಎಂಥ ಬ್ರೇಕ್ ಪ್ಯಾಡ್?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಕಾರಿಟ್ಟುಕೊಂಡವರು 'ಕಡಿಮೆ ಧೂಳಿನ ಪ್ಯಾಡ್' ಕೊಳ್ಳುವ ಮೊದಲು ಚಕ್ರದ ಮೇಲೆ ಕೂತಿರುವುದು ಯಾವ ಧೂಳು ಎಂದು ನೋಡಿಕೊಳ್ಳಬೇಕು. ಈ ಭಾಗದ ನೆಲವೇ ಸುಣ್ಣದ ಕಲ್ಲು. ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಮಳಖೇಡ, ಸೇಡಂ, ಕೊಡ್ಲಾ, ಇಟಗಾ, ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲೂ ಕಾರ್ಖಾನೆಗಳಿವೆ. ಶಹಾಬಾದಿನ ಫರಸಿ ಕಲ್ಲು ಕೊಯ್ಯುವ ಕೆಲಸವಂತೂ ಊರಿನ ಹೆಸರನ್ನೇ ಮನೆಮನೆಯ ನೆಲಕ್ಕೆ ಹಾಸಿದೆ. ಕಲ್ಲು, ಕ್ಲಿಂಕರ್, ಹಾರುಬೂದಿ ಹೊತ್ತ ಲಾರಿಗಳ ಹಿಂದೆ ಓಡುವ ಕಾರಿನ ಚಕ್ರ ಬೆಳ್ಳಗಾಗುತ್ತದೆ. ಆ ಬಿಳಿ ಧೂಳನ್ನು ಯಾವ ಪ್ಯಾಡೂ ಕಡಿಮೆ ಮಾಡಲಾರದು. ಪ್ಯಾಡಿನಿಂದ ಬರುವುದು ಕರಿ ಧೂಳು, ಅದರ ಲೆಕ್ಕವೇ ಬೇರೆ.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ. ಕಾರು ತೊಳೆದು ಕೆಲವು ದಿನ ಓಡಿಸಿ ನಾಲ್ಕೂ ಚಕ್ರಗಳನ್ನು ನೋಡಿ. ನಾಲ್ಕರ ಮೇಲೂ ಒಂದೇ ಸಮ ಬೂದುಬಿಳಿ ಪುಡಿಯಿದ್ದರೆ ಅದು ರಸ್ತೆಯದು. ಮುಂದಿನ ಎರಡು ಚಕ್ರಗಳು ಮಾತ್ರ ಕಪ್ಪಾಗಿದ್ದರೆ ಅದು ಬ್ರೇಕಿನದು, ಏಕೆಂದರೆ ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹೆಚ್ಚಿನ ಕೆಲಸ ಮುಂದಿನ ಡಿಸ್ಕುಗಳ ಮೇಲೇ ಬೀಳುತ್ತದೆ. ನಮ್ಮ ಬಹುತೇಕ ಸಣ್ಣ ಕಾರುಗಳ ಹಿಂದಿನ ಚಕ್ರದಲ್ಲಿರುವ ಡ್ರಮ್ ತನ್ನ ಪುಡಿಯನ್ನು ಬಹುಮಟ್ಟಿಗೆ ಒಳಗೇ ಇಟ್ಟುಕೊಳ್ಳುತ್ತದೆ. ಕಾಗದ ಸುತ್ತಿದ ಅಯಸ್ಕಾಂತವನ್ನು ಪುಡಿಗೆ ಹಿಡಿದರೆ ಅನುಮಾನ ತೀರುತ್ತದೆ: ಬ್ರೇಕ್ ಧೂಳಿನಲ್ಲಿ ಕಬ್ಬಿಣವಿರುವುದರಿಂದ ಅದು ಅಂಟುತ್ತದೆ, ಸುಣ್ಣದ ಕಲ್ಲಿನ ಪುಡಿ ಅಂಟುವುದಿಲ್ಲ. ಎಡಬಲಗಳಲ್ಲಿ ಒಂದೇ ಚಕ್ರ ಹೆಚ್ಚು ಕಪ್ಪಾಗಿದ್ದರೆ ಪ್ಯಾಡಿನ ಜಾತಿಯನ್ನು ದೂರುವುದು ಬೇಡ. ಆ ಕಡೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಸದಾ ಉಜ್ಜುತ್ತಿರುವ ಸಾಧ್ಯತೆಯೇ ಹೆಚ್ಚು.

ಕರಿ ಧೂಳೇ ತೊಂದರೆ ಎಂದು ಖಚಿತವಾದ ಮೇಲೆ ಆಯ್ಕೆಯ ಮಾತು. ಉಕ್ಕಿನ ನಾರು, ಕಬ್ಬಿಣದ ಪುಡಿ ಹೆಚ್ಚಿರುವ ಸೆಮಿ ಮೆಟಾಲಿಕ್ ಪ್ಯಾಡ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಡಿಸ್ಕನ್ನೂ ಹೆಚ್ಚು ತಿನ್ನುತ್ತದೆ. ಚಕ್ರ ಕಪ್ಪಾಗುವುದು ಪ್ಯಾಡಿನ ಪುಡಿಯಿಂದಷ್ಟೇ ಅಲ್ಲ, ಸವೆದ ಡಿಸ್ಕಿನ ಕಬ್ಬಿಣವೂ ಅದರಲ್ಲಿ ದೊಡ್ಡ ಪಾಲು. ಸಿರಾಮಿಕ್ ಪ್ಯಾಡ್ ಮತ್ತು ಉಕ್ಕಿನ ನಾರಿಲ್ಲದ ಆರ್ಗ್ಯಾನಿಕ್ ಪ್ಯಾಡ್ ಡಿಸ್ಕನ್ನು ಅಷ್ಟು ಕೆರೆಯುವುದಿಲ್ಲ. ಅವುಗಳ ಪುಡಿಯ ಬಣ್ಣವೂ ತಿಳಿ. ಯುರೋಪ್ ಮೂಲದ ಕಾರುಗಳಲ್ಲಿ ಲೋಹ ಹೆಚ್ಚಿರುವ ಪ್ಯಾಡ್ ಸಾಮಾನ್ಯ. ಜಪಾನ್, ಕೊರಿಯಾ ಮೂಲದ ಕಾರುಗಳಲ್ಲಿ ಅನೇಕ ಸಲ ಕಂಪನಿಯ ಪ್ಯಾಡೇ ಕಡಿಮೆ ಧೂಳಿನದು. ಅಂಥ ಕಾರಿನವರು ಹೆಚ್ಚು ದುಡ್ಡು ಕೊಟ್ಟು ಇನ್ನೊಂದನ್ನು ತರುವ ಬದಲು ಅಸಲಿ ಪ್ಯಾಡನ್ನೇ ಹಾಕಿಸಿಕೊಳ್ಳುವುದು ಜಾಣತನ.

ಸಿರಾಮಿಕ್ ಹಾಕಿದರೆ ಬ್ರೇಕ್ ಕಚ್ಚುವುದಿಲ್ಲ ಎಂಬ ಆಕ್ಷೇಪ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಸಿರಾಮಿಕ್ ಪ್ಯಾಡ್ ಬಿಸಿಯನ್ನು ಬೇಗ ಸಾಗಿಸಿಬಿಡುವುದಿಲ್ಲ. ಉದ್ದನೆಯ ಘಾಟಿ ಇಳಿಯುವ, ಪೂರ್ತಿ ಭಾರ ಹೊತ್ತ ವಾಹನಕ್ಕೆ ಸೆಮಿ ಮೆಟಾಲಿಕ್ ಹೆಚ್ಚು ಭರವಸೆಯದು. ಆದರೆ ಕಾಗಿಣಾ ನದಿಯ ಬಯಲಿನಲ್ಲಿ, ತೊಗರಿ ಹೊಲಗಳ ನಡುವಿನ ಸಮತಟ್ಟಾದ ರಸ್ತೆಗಳಲ್ಲಿ ಓಡುವ ಸ್ವಂತ ಕಾರಿಗೆ ಅಂಥ ಪರೀಕ್ಷೆ ಎದುರಾಗುವುದು ಅಪರೂಪ. ಚಿಂಚೋಳಿಯ ಕಾಡಿನ ಕಡೆ ಏರಿಳಿತವಿದ್ದರೂ ಅದು ಶಿರಾಡಿ ಘಾಟಿಯಲ್ಲ. ಹಾಗಾಗಿ ಇಲ್ಲಿನ ಸಾಮಾನ್ಯ ಬಳಕೆಗೆ ಕಡಿಮೆ ಧೂಳಿನ ಪ್ಯಾಡ್ ಸರಿಯಾದ ಆಯ್ಕೆ. ಬಾಡಿಗೆಗೆ ಓಡುವ, ಜನ ಮತ್ತು ಸಾಮಾನು ತುಂಬಿಕೊಂಡು ದೂರ ಹೋಗುವ ಗಾಡಿಗೆ ತಯಾರಕರು ಹೇಳಿದ ಮಾದರಿಯನ್ನು ಬಿಡಬಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಸುತ್ತಲೂ ಇಷ್ಟು ಸಿಮೆಂಟ್ ಧೂಳಿರುವಾಗ ಬ್ರೇಕಿನ ಚಿಟಿಕೆ ಪುಡಿಯ ಚಿಂತೆ ಯಾಕೆ? ಎರಡೂ ಒಂದೇ ಬಗೆಯ ಕಣಗಳಲ್ಲ ಎಂಬುದೇ ಉತ್ತರ. ಬ್ರೇಕ್ ಪುಡಿಯಲ್ಲಿ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸೂಕ್ಷ್ಮವಾದ ಲೋಹದ ಕಣಗಳಿರುತ್ತವೆ. 2024ರಲ್ಲಿ ಅಂಗೀಕಾರವಾದ ಯುರೋಪಿನ 'ಯೂರೋ 7' ನಿಯಮ ಮೊದಲ ಬಾರಿಗೆ ಬ್ರೇಕಿಗೂ ಮಿತಿ ಹಾಕಿದೆ: ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ತಿ ವಿದ್ಯುತ್ ಕಾರಿಗೆ 3 ಮಿಲಿಗ್ರಾಂ. 2020ರ ಏಪ್ರಿಲ್‌ನಿಂದ ನಮ್ಮಲ್ಲಿ ಜಾರಿಗೆ ಬಂದ ಬಿಎಸ್ 6 ಮಾನದಂಡದಲ್ಲಿ ಇಂಥ ಮಿತಿಯಿಲ್ಲ. ಈ ಪುಡಿಯನ್ನು ಹೆಚ್ಚು ಕುಡಿಯುವವರು ಕಾರಿನ ಮಾಲೀಕರಲ್ಲ, ದಿನವಿಡೀ ಚಕ್ರ ಬಿಚ್ಚುವ ಮೆಕ್ಯಾನಿಕ್ ಹುಡುಗರು. ಕಂಪ್ರೆಸರ್ ಗಾಳಿಯಿಂದ ಬ್ರೇಕ್ ಊದುವ ಅಭ್ಯಾಸ ನಿಲ್ಲಲೇಬೇಕು. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಸಾಕು. ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ರಹಿತ ಎಂದು ಬರೆದಿಲ್ಲದ ಅಗ್ಗದ ಪ್ಯಾಡನ್ನು ಮುಟ್ಟಲೇಬೇಡಿ.

ನನ್ನ ಮಟ್ಟಿಗೆ ಈ ಭಾಗದಲ್ಲಿ ಪ್ಯಾಡಿನ ಆಯ್ಕೆಗಿಂತ ಜೋಡಣೆಯೇ ದೊಡ್ಡದು, ಏಕೆಂದರೆ ಬಿಳಿ ಧೂಳು ಕರಿ ಧೂಳನ್ನು ಹೆಚ್ಚಿಸುತ್ತದೆ. ಸಿಮೆಂಟ್ ಪುಡಿಗೆ ನೀರು ತಾಗಿದರೆ ಗಟ್ಟಿಯಾಗುತ್ತದೆ. ಕ್ಯಾಲಿಪರಿನ ಸ್ಲೈಡ್ ಪಿನ್ ಮುಚ್ಚುವ ರಬ್ಬರ್ ಹರಿದಿದ್ದರೆ ಅಲ್ಲಿ ಪುಡಿ ನುಗ್ಗಿ, ಮಳೆಗೆ ಗಟ್ಟಿಯಾಗಿ, ಪಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಅದು ಉಜ್ಜಿ ಉಜ್ಜಿ ಪುಡಿಯಾಗುತ್ತದೆ. ಆದ್ದರಿಂದ ಪ್ಯಾಡ್ ಬದಲಿಸುವಾಗ ಪಿನ್ ಹೊರತೆಗೆದು ಒರೆಸಿ, ರಬ್ಬರನ್ನು ಉಬ್ಬಿಸದ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಬೇಕು. ಬೇರಿಂಗ್ ಗ್ರೀಸ್ ಸಲ್ಲದು. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸ್ ತಾಗಬಾರದು. ಕ್ಯಾಲಿಪರನ್ನು ರಬ್ಬರ್ ಹೋಸಿನಿಂದ ನೇತುಬಿಡದೆ ತಂತಿಯಲ್ಲಿ ಕಟ್ಟಬೇಕು. ಡಿಸ್ಕಿನ ಮೇಲೆ ಅಚ್ಚು ಹಾಕಿರುವ ಕನಿಷ್ಠ ದಪ್ಪಕ್ಕಿಂತ ಅದು ಸವೆದಿದ್ದರೆ ಹೊಸದೇ ಬೇಕು. ಎಡ ಬಲ ಎರಡೂ ಚಕ್ರಗಳ ಪ್ಯಾಡ್ ಒಟ್ಟಿಗೇ ಬದಲಾಗಬೇಕು. ಗಾಡಿ ಚಾಲೂ ಮಾಡುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಬೇಕು. ಇದನ್ನು ಮರೆತರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗದೆ ಅಪಾಯ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ವೇಗದಿಂದ ನಿಧಾನಕ್ಕೆ 10ಕ್ಕೆ ಇಳಿಸುತ್ತ, ನಡುನಡುವೆ ತಣಿಯಲು ಬಿಡುತ್ತ ಎಂಟು-ಹತ್ತು ಸಲ ಬ್ರೇಕ್ ಒತ್ತಬೇಕು. ಮೊದಲ ಕೆಲವು ದಿನ ಧೂಳು ತುಸು ಹೆಚ್ಚೇ ಕಾಣಬಹುದು, ಅದಕ್ಕೆ ಗಾಬರಿ ಬೇಡ. ಅಲಾಯ್ ಚಕ್ರವಿದ್ದವರು ಬಿಳಿ ಪುಡಿಯ ಮೇಲೆ ಒಣ ಬಟ್ಟೆಯಲ್ಲಿ ಉಜ್ಜದೆ, ಧಾರಾಳ ನೀರು ಹೊಯ್ದು ಹರಿಸಿಬಿಡಬೇಕು. ಒದ್ದೆ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಮುಂಗಾರು ಹಿಡಿಯುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಚಕ್ರ ಬಿಚ್ಚಿಸಿ ಸ್ಲೈಡ್ ಪಿನ್ ಸರಾಗ ಜಾರುತ್ತಿದೆಯೇ, ಪ್ಯಾಡ್ 3 ಮಿಲಿಮೀಟರಿಗಿಂತ ದಪ್ಪ ಉಳಿದಿದೆಯೇ ಎಂದು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.